ಮೈ ಹೀರೋ ಅಕಾಡೆಮಿಯಾ: ಮಾಂಗಾ ಮತ್ತು ಅನಿಮೆ ಪಕ್ಕಪಕ್ಕ ಇಟ್ಟರೆ 5ನೇ ಸೀಸನ್‌ನಲ್ಲಿ ಕೆಟ್ಟಿದ್ದು ಯಾವುದು?

ಪುಟತಿರುವು

ಸ್ಪಾಯ್ಲರ್ ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ: ಕಥೆಯ ಕೊನೆಯವರೆಗಿನ ಸಂಗತಿಗಳು ಇಲ್ಲಿ ಬರುತ್ತವೆ.

ಹೆಚ್ಚಿನವರಿಗೆ ಒಂದೊಂದು ವಿಶೇಷ ಶಕ್ತಿ ಇರುವ ಜಗತ್ತಿನಲ್ಲಿ ಹೀರೋ ಆಗಲು ಹೊರಟ ಮಿದೊರಿಯ ಎಂಬ ಹುಡುಗನ ಕಥೆ ಇದು. ಹೊರಿಕೊಶಿ ಕೊಹೆಯ್ ಅವರ ಮಾಂಗಾ (ಜಪಾನಿ ಕಾಮಿಕ್ಸ್) 2014ರ ಜುಲೈಯಿಂದ 2024ರ ಆಗಸ್ಟ್‌ವರೆಗೆ ಜಪಾನಿನ ವಾರಪತ್ರಿಕೆ ವೀಕ್ಲಿ ಶೋನೆನ್ ಜಂಪ್‌ನಲ್ಲಿ 430 ಅಧ್ಯಾಯ ನಡೆಯಿತು. ಬೋನ್ಸ್ ಸ್ಟುಡಿಯೋದ ಅನಿಮೆ (ಅದೇ ಕಥೆಯ ಟಿವಿ ಕಾರ್ಟೂನ್ ಸರಣಿ) 2016ರ ಏಪ್ರಿಲ್‌ನಲ್ಲಿ ಶುರುವಾಗಿ 2025ರ ಡಿಸೆಂಬರ್‌ನಲ್ಲಿ 170ನೇ ಎಪಿಸೋಡಿಗೆ ಮುಗಿಯಿತು. ಎರಡೂ ಮುಗಿದಿರುವುದರಿಂದ ಅಳೆದು ನೋಡಲು ಇದು ಸರಿಯಾದ ಹೊತ್ತು.

"ಅನಿಮೆ ಮಾಂಗಾವನ್ನು ಹಾಗೇ ಇಳಿಸಿದೆ, ಓದುವ ಅಗತ್ಯವಿಲ್ಲ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಸಂಭಾಷಣೆಯ ಮಟ್ಟಿಗೆ ಬಹುಪಾಲು ನಿಜ. ಮೊದಲ ನಾಲ್ಕು ಸೀಸನ್‌ಗಳಲ್ಲಿ ಪ್ಯಾನೆಲ್ ಪಕ್ಕ ಫ್ರೇಮ್ ಇಟ್ಟರೆ ಕೋನ ಕೂಡ ಹೊಂದುತ್ತದೆ. ಆದರೆ 5ನೇ ಸೀಸನ್ ಕಥೆಯ ಸಾಲನ್ನೇ ಬದಲಿಸಿತು, ಮತ್ತು ಒಬ್ಬ ಪಾತ್ರದ ಬಾಯಿಂದ ಮಾತು ಕಿತ್ತುಕೊಂಡಿತು. ಆ ಸೀಸನ್ ಸಪ್ಪೆ ಎನ್ನುವವರು ಸಾಮಾನ್ಯವಾಗಿ ಚಿತ್ರದ ಗುಣಮಟ್ಟವನ್ನು ದೂರುತ್ತಾರೆ. ನನ್ನ ಪ್ರಕಾರ ಏಟು ಬಿದ್ದಿರುವುದು ಬೇರೆ ಕಡೆ.

ಮಾಂಗಾದ ಸಾಲು ಹೀಗೆ: 194ರಿಂದ 217ನೇ ಅಧ್ಯಾಯ ಹೀರೋ ಶಾಲೆಯ ಎ ಮತ್ತು ಬಿ ತರಗತಿಗಳ ಜಂಟಿ ತರಬೇತಿ. 218ರಿಂದ 240 ಖಳರ ಕಥೆ, ಅಂದರೆ ಖಳನಾಯಕ ಶಿಗಾರಕಿಯ ಗುಂಪು ಮತ್ತು ಶಕ್ತಿ ಬಳಸಲು ಪರವಾನಗಿ ಯಾಕೆ ಎನ್ನುವ ಲಿಬರೇಷನ್ ಆರ್ಮಿ. 241ರಿಂದ 252 ಕ್ರಿಸ್ಮಸ್, ಎಂಡೆವರ್ ಎಂಬ ಹೀರೋನ ಕಚೇರಿಯಲ್ಲಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್. 253ರಿಂದ ಯುದ್ಧದ ತಯಾರಿ.

ಅನಿಮೆ ಇದನ್ನು ತಿರುವು ಹಾಕಿತು. ತರಬೇತಿ ಆದಮೇಲೆ 101ರಿಂದ 106ನೇ ಎಪಿಸೋಡ್ ಕ್ರಿಸ್ಮಸ್ ಮತ್ತು ಎಂಡೆವರ್, 107 ಶಿಕ್ಷಕ ಐಜಾವಾ ಮತ್ತು ಸೆರೆಸಿಕ್ಕ ಖಳ ಕುರೊಗಿರಿ. ಅದಾದ ಮೇಲೆ 108ರಿಂದ 112ರವರೆಗೆ, ಬರೀ ಐದು ಎಪಿಸೋಡಿನಲ್ಲಿ, ಖಳರ ಕಥೆ.

ಇದರಿಂದ ಆದ ನಷ್ಟಕ್ಕೆ ಒಂದು ದೃಶ್ಯ ಸಾಕು. ಖಳರ ನಡುವೆ ಗೂಢಚಾರನಾಗಿರುವ ಹೀರೋ ಹಾಕ್ಸ್ ಎಂಡೆವರ್ ಕೈಗೆ ಒಂದು ಪುಸ್ತಕ ಕೊಟ್ಟು, ಗೆರೆ ಎಳೆದಿರುವ ಕಡೆ ಚೆನ್ನಾಗಿ ಓದಿ ಎಂದು ಒತ್ತಿ ಹೇಳುತ್ತಾನೆ. ಅದು ಲಿಬರೇಷನ್ ಆರ್ಮಿಯನ್ನು ಹುಟ್ಟುಹಾಕಿದ ಡೆಸ್ಟ್ರೊ ಬರೆದ ಪುಸ್ತಕ. ಮಾಂಗಾ ಓದಿದವನಿಗೆ ಅದರ ಹೆಸರು ಕಂಡ ಕೂಡಲೇ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಆ ಪುಸ್ತಕದ ಹಿಂದಿರುವ ಒಂದು ಲಕ್ಷಕ್ಕೂ ಮೀರಿದ ಪಡೆಯನ್ನು, ಅದು ಶಿಗಾರಕಿಯ ಕೈಸೇರಿದ್ದನ್ನು ಅವನು ಆಗಲೇ ಕಂಡಿದ್ದಾನೆ. ಎಂಡೆವರ್‌ಗೆ ಗೊತ್ತಿಲ್ಲದ್ದು ಓದುಗನಿಗೆ ಗೊತ್ತು. ಹಾಕ್ಸ್ ನಗುಮುಖದಲ್ಲಿ ಎಂಥ ಒತ್ತಡ ಬಚ್ಚಿಟ್ಟಿದ್ದಾನೆ ಎಂಬುದೂ ಗೊತ್ತು. ಅನಿಮೆ ನೋಡುವವನಿಗೆ ಅದು ಯಾರದ್ದೋ ಒಂದು ಪುಸ್ತಕ, ಅಷ್ಟೇ. ಭಯ ಹುಟ್ಟಬೇಕಾದಲ್ಲಿ ಕುತೂಹಲವಷ್ಟೇ ಹುಟ್ಟುತ್ತದೆ.

ಇಪ್ಪತ್ನಾಲ್ಕುಫ್ರೇಮ್

ಸಾಲಿನ ಜೊತೆಗೆ ವೇಗವನ್ನೂ ಲೆಕ್ಕ ಹಾಕಬೇಕು. "ಒಂದು ಎಪಿಸೋಡಿಗೆ ಎಷ್ಟು ಅಧ್ಯಾಯ" ಎಂಬ ಲೆಕ್ಕ ದಾರಿ ತಪ್ಪಿಸುತ್ತದೆ. ಶುರುವಿನ ಅಧ್ಯಾಯಗಳು 19 ಪುಟದ ಆಸುಪಾಸು, ಮೊದಲನೆಯದಂತೂ 50 ಪುಟಕ್ಕೂ ಹೆಚ್ಚು. ಕೊನೆಕೊನೆಗೆ 13, 15 ಪುಟದ ಅಧ್ಯಾಯಗಳೇ ಜಾಸ್ತಿ. ಹಾಗಾಗಿ ಪುಟವನ್ನೇ ಎಣಿಸಬೇಕು.

ಟಿವಿ ಎಪಿಸೋಡ್ 24 ನಿಮಿಷದ್ದು. ಶುರುವಿನ ಹಾಡು 90 ಸೆಕೆಂಡ್, ಕೊನೆಯ ಹಾಡು 90 ಸೆಕೆಂಡ್, ಮುಂದಿನ ವಾರದ ತುಣುಕು, ನಡುವಿನ ಕಾರ್ಡ್ ಎಲ್ಲ ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. 1,230 ಸೆಕೆಂಡ್ ಅಂತ ಇಟ್ಟುಕೊಳ್ಳಿ.

1ನೇ ಸೀಸನ್: 13 ಎಪಿಸೋಡಿಗೆ 21 ಅಧ್ಯಾಯ, ಅಂದರೆ ಹೆಚ್ಚುಕಡಿಮೆ 430 ಪುಟ. ಎಪಿಸೋಡಿಗೆ 33 ಪುಟ, ಪುಟಕ್ಕೆ 37 ಸೆಕೆಂಡ್. ನಿಧಾನ ಎನ್ನಿಸುವುದು ಇದಕ್ಕೇ. ಮೊದಲ ಅಧ್ಯಾಯವೊಂದೇ ಎರಡು ಎಪಿಸೋಡ್ ಆಗಿದೆ. ಮಾಂಗಾದಲ್ಲಿ "ನೀನು ಹೀರೋ ಆಗಬಲ್ಲೆ" ಎಂಬ ಮಾತು ಒಂದೇ ಉಸಿರಿನಲ್ಲಿ ಅಧ್ಯಾಯದ ಕೊನೆಗೆ ಬಂದು ಬಡಿಯುತ್ತದೆ. ಟಿವಿಯಲ್ಲಿ ಅದಕ್ಕೆ ಒಂದು ವಾರ ಕಾಯಬೇಕಿತ್ತು.

5ನೇ ಸೀಸನ್‌ನ ಖಳರ ಭಾಗ: ಐದು ಎಪಿಸೋಡಿಗೆ 20ಕ್ಕೂ ಹೆಚ್ಚು ಅಧ್ಯಾಯ. ಅಧ್ಯಾಯಕ್ಕೆ 16 ಪುಟ ಎಂದು ಹಿಡಿದರೂ ಎಪಿಸೋಡಿಗೆ 65 ಪುಟದ ಹತ್ತಿರ, ಪುಟಕ್ಕೆ 19 ಸೆಕೆಂಡ್. ಅರ್ಧಕ್ಕರ್ಧ ಸಮಯ. ಅದೇ ಸೀಸನ್‌ನಲ್ಲಿ ಜಂಟಿ ತರಬೇತಿಯ 24 ಅಧ್ಯಾಯಕ್ಕೆ ಸುಮಾರು 10 ಎಪಿಸೋಡ್ ಕೊಟ್ಟಿದ್ದಾರೆ. ಸಮಯ ಇರಲಿಲ್ಲ ಅಂತಲ್ಲ, ಹಂಚಿದ ರೀತಿ ಸರಿಯಿಲ್ಲ.

ಪುಟಕ್ಕೆ 19 ಸೆಕೆಂಡ್ ಆದಾಗ ಮೊದಲು ಹೋಗುವುದು ಹೊಡೆದಾಟ ಅಲ್ಲ, ಅದು ನೋಡಲು ಬೇಕು. ಹೊಡೆದಾಟದ ಅವಧಿಗೆ ಕತ್ತರಿ ಬೀಳುತ್ತದೆ, ಮೌನದ ಪ್ಯಾನೆಲ್ ಹೋಗುತ್ತದೆ, ಪಾತ್ರ ತನ್ನೊಳಗೆ ಆಡಿಕೊಳ್ಳುವ ಮಾತು ಹೋಗುತ್ತದೆ. ಗಿಗಾಂಟೊಮಾಕಿಯಾ ಎಂಬ ದೈತ್ಯನ ಜೊತೆಗಿನ ಕಾದಾಟ ವಾರಗಟ್ಟಲೆ ನಡೆದು, ಗುಂಪು ನಿದ್ದೆಗೆಟ್ಟು ಬಸವಳಿದಿರುವುದು ಮಾಂಗಾದಲ್ಲಿ ಮೈಗೆ ತಾಗುತ್ತದೆ. ಆ ದಣಿವೇ ಶಿಗಾರಕಿಯ ನೆನಪು ಕೆರಳಲು ಕಾರಣ. ಅನಿಮೆಯಲ್ಲಿ ದಣಿವಿನ ವಿಷಯ ತಿಳಿಯುತ್ತದೆ, ಅದರ ಭಾರ ತಾಗುವುದಿಲ್ಲ.

ಕಡಲಮಿಂಚು

ಒಂದು ಎದುರು ಮಾತು ಉಂಟು ಮಾರಾಯ್ರೆ. ಸಾಲು ಬದಲಿಸಿದ್ದರಿಂದ ಒಂದು ಲಾಭವೂ ಆಗಿದೆ. ಶಿಗಾರಕಿ ಗುಂಪಿನ ಟ್ವೈಸ್ ತನ್ನ ಒಡೆದ ಮನಸ್ಸನ್ನು ಗೆದ್ದು ಸಾವಿರಾರು ಪ್ರತಿಗಳಾಗಿ ನುಗ್ಗುವ ಭಾಗ ಖಳರ ಕಥೆಯಲ್ಲಿ ಬರುತ್ತದೆ. ಹಾಕ್ಸ್ ಕೈಯಲ್ಲಿ ಅವನ ಕೊನೆ ಆಗುವುದು ಮಾಂಗಾದ 264ರಿಂದ 266ರಲ್ಲಿ, ಅಂದರೆ 6ನೇ ಸೀಸನ್‌ನ ಶುರುವಿನಲ್ಲೇ. ಮಾಂಗಾದಲ್ಲಿ ಇವೆರಡರ ನಡುವೆ ಇಂಟರ್ನ್‌ಶಿಪ್ ಪೂರ್ತಿ ಬಂದು ಹೋಗುತ್ತದೆ, ವಾರಕ್ಕೊಂದು ಅಧ್ಯಾಯ ಓದಿದವರಿಗೆ ತಿಂಗಳುಗಳ ಅಂತರ. ಅನಿಮೆಯನ್ನು ಈಗ ಒಟ್ಟಿಗೆ ನೋಡಿದರೆ ಐದಾರು ಎಪಿಸೋಡಿನ ಅಂತರ ಮಾತ್ರ. ಟ್ವೈಸ್‌ನ ಸಾವು ಆ ಕಾರಣಕ್ಕೆ ಹೆಚ್ಚು ಚುಚ್ಚುತ್ತದೆ.

ಬದಲಿಸಿದ್ದಕ್ಕೆ ಕಾರಣವೂ ದಿನಾಂಕದಲ್ಲೇ ಕಾಣುತ್ತದೆ. ಮೂರನೇ ಸಿನಿಮಾ "ವರ್ಲ್ಡ್ ಹೀರೋಸ್ ಮಿಷನ್" ಜಪಾನಿನಲ್ಲಿ 2021ರ ಆಗಸ್ಟ್ 6ಕ್ಕೆ ತೆರೆಗೆ ಬಂತು. ಅದರ ಕಥೆ ನಡೆಯುವುದು ಎಂಡೆವರ್ ಇಂಟರ್ನ್‌ಶಿಪ್ ಹೊತ್ತಿನಲ್ಲಿ. ಟಿವಿಯಲ್ಲಿ ಆ ಹೊತ್ತಿಗೆ ಸಹಪಾಠಿಗಳಾದ ಮಿದೊರಿಯ, ಬಕುಗೊ, ತೊದೊರೊಕಿ ಮೂವರೂ ಎಂಡೆವರ್ ಕಚೇರಿಯಲ್ಲಿ ಇರಬೇಕಿತ್ತು. ಮಾಂಗಾದ ಸಾಲಿನಲ್ಲೇ ಹೋಗಿದ್ದರೆ ಸಿನಿಮಾ ಬಿಡುಗಡೆಗೆ ಮುಂಚಿನ ವಾರಗಳಲ್ಲಿ ಪರದೆ ಮೇಲೆ ಖಳರೇ ಇರುತ್ತಿದ್ದರು. ಸರಿ ಅಂತ ಹೇಳುತ್ತಿಲ್ಲ, ಲೆಕ್ಕ ಹೀಗೆ ಕೂಡಿ ಬರುತ್ತದೆ ಅಷ್ಟೆ.

ಪುಟತಿರುವು

ಟ್ವೈಸ್ ವಿಷಯ ಒಪ್ಪಿದೆ, ಅದು ನಾನು ಯೋಚಿಸಿರದ ಕೋನ. ಆದರೆ ಶಿಗಾರಕಿ ಗುಂಪಿನದೇ ಸ್ಪಿನ್ನರ್ ವಿಷಯಕ್ಕೆ ಅಂಥ ಸಮಾಧಾನ ಸಿಗುವುದಿಲ್ಲ.

ಮಾಂಗಾದಲ್ಲಿ ಖಳರ ಭಾಗವನ್ನು ಹೇಳುವವನೇ ಸ್ಪಿನ್ನರ್. 220ನೇ ಅಧ್ಯಾಯ ಅವನ ದನಿಯಲ್ಲಿ ತೆರೆದುಕೊಳ್ಳುತ್ತದೆ. ನಿಜ ಹೆಸರು ಇಗುಚಿ ಶುಯಿಚಿ, ಹಲ್ಲಿಯ ಮೈ, ಅದಕ್ಕಾಗಿ ಊರವರಿಂದ ತಾತ್ಸಾರ, ಮನೆಯೊಳಗೇ ಕೂತ ಬದುಕು, ಟಿವಿಯಲ್ಲಿ ಹೀರೋಗಳನ್ನು ಬೇಟೆಯಾಡುವ ಸ್ಟೇನ್‌ನನ್ನು ನೋಡಿ ಎದ್ದು ಹೊರಟಿದ್ದು. ಗುಂಪಿನಲ್ಲಿ ಅವನ ಶಕ್ತಿಯೇ ಎಲ್ಲರಿಗಿಂತ ಕಡಿಮೆ. ಗೋಡೆಗೆ ಅಂಟಿಕೊಳ್ಳಬಲ್ಲ, ಅಷ್ಟೇ. ಗುರಿಯೂ ತನ್ನದಲ್ಲ, ಸ್ಟೇನ್‌ನಿಂದ ಎರವಲು ತಂದದ್ದು. ಅಂಥವನು ಶಿಗಾರಕಿಗೆ "ಕೊನೆಗೆ ನೀನು ಮಾಡಬೇಕೆಂದಿರುವುದೇನು" ಎಂದು ಕೇಳುತ್ತಾನೆ. ಓದುಗನ ಕಣ್ಣು ಅವನೇ. ಶಿಗಾರಕಿ ಪೊರೆ ಕಳಚಿ ಏಳುವುದನ್ನು ನಾವು ನೋಡುವುದು, ಅವನಿಗೆ ಹೆದರುತ್ತಲೇ ಅವನ ಕಡೆ ಸೆಳೆತಕ್ಕೆ ಬಿದ್ದ ಒಬ್ಬ ಸಾಮಾನ್ಯನ ಕಣ್ಣಿನಿಂದ.

ಅನಿಮೆ ಈ ನಿರೂಪಣೆಯನ್ನು ಬಹುತೇಕ ತೆಗೆದುಬಿಟ್ಟಿತು. ಆಗ ಅದು ಸಣ್ಣ ಕತ್ತರಿ ಎನ್ನಿಸಿರಬಹುದು. ಆದರೆ 7ನೇ ಸೀಸನ್‌ನಲ್ಲಿ ಇದೇ ಸ್ಪಿನ್ನರ್, ಮೈಯ ರೂಪಕ್ಕಾಗಿ ಹೊರಗಿಡಲ್ಪಟ್ಟವರ ದೊಡ್ಡ ಗುಂಪಿನ ಮುಂದಾಳಾಗಿ ಆಸ್ಪತ್ರೆಯ ಮೇಲೆ ನುಗ್ಗುತ್ತಾನೆ. ಅನಿಮೆ ಮಾತ್ರ ನೋಡಿದವರು "ಇವನು ಯಾಕೆ ಇದ್ದಕ್ಕಿದ್ದಂತೆ ಇಷ್ಟು ಮುಖ್ಯ?" ಎಂದು ಕೇಳಿದರೆ ತಪ್ಪು ಅವರದ್ದಲ್ಲ. ಎಲ್ಲ ಮುಗಿದ ಮೇಲೆ ಶಿಗಾರಕಿಯ ಕಥೆಯನ್ನು ಬರೆದಿಡಲು ಹೊರಡುವವನೂ ಅವನೇ. 220ರಲ್ಲಿ ನಿರೂಪಕನಾಗಿ ಬಂದವನು ಕೊನೆಯಲ್ಲಿ ನಿಜವಾಗಿಯೂ ಬರಹಗಾರನಾಗುತ್ತಾನೆ. ಹೊರಿಕೊಶಿ 200 ಅಧ್ಯಾಯದ ಹಿಂದೆಯೇ ಬಿತ್ತಿದ್ದ ಬೀಜ ಅದು. ಅನಿಮೆಯಲ್ಲಿ ಕೊಯ್ಲು ಇದೆ, ಬಿತ್ತನೆ ಇಲ್ಲ.

ಧಾರವಾಡದ_ಶಾಯಿ

ಎಲ್ಲಾರೂ ಕಥೀ ಬಗ್ಗೆ ಮಾತಾಡಾಕತ್ತೀರಿ, ಶಾಯಿ ಬಗ್ಗೆ ಯಾರೂ ಹೇಳವಲ್ರಿ. ಬಣ್ಣ ಬಂದ್ರ ಚಿತ್ರ ಛಲೋ ಆಗ್ತದ ಅನ್ನೂದು ಎಲ್ಲಾ ಕಡೆ ಖರೆ ಅಲ್ಲ.

ನಂಬರ್ ಒನ್ ಹೀರೋ ಆಲ್ ಮೈಟ್‌ನ ನೋಡ್ರಿ. ಉಳಿದ ಪಾತ್ರಗಳಿಗೆ ತೆಳು ಗೆರಿ, ದುಂಡು ಕಣ್ಣು. ಇವನೊಬ್ಬಗ ಮಾತ್ರ ಅಮೆರಿಕದ ಕಾಮಿಕ್ಸಿನ ಗತೆ ದಪ್ಪ ಕಪ್ಪು ನೆರಳು. ಕಣ್ಣಿನ ಗುಳಿ ಪೂರಾ ಕಪ್ಪು, ಗಲ್ಲದ ಕೆಳಗ ಕಪ್ಪು, ಕುತ್ತಿಗಿ ನರಕ್ಕ ಕಪ್ಪು. ಒಂದ ಪ್ಯಾನೆಲ್‌ನಾಗ ಮಿದೊರಿಯನ ಬಾಜೂಕ ನಿಂತ್ರ ಬ್ಯಾರೆ ಪುಸ್ತಕದಿಂದ ಎದ್ದು ಬಂದಾನೇನೋ ಅನಸ್ತದ. ಅದು ಬೇಕಂತನ ಮಾಡಿದ್ದು. ಅನಿಮೆದಾಗ ಪಾತ್ರ ವಿನ್ಯಾಸ ಮಾಡಿದ ಉಮಾಕೊಶಿ ಯೊಶಿಹಿಕೊ ಆ ಕಪ್ಪು ನೆರಳು ಹಂಗ ಉಳಿಸ್ಯಾರ. ಟಿವಿ ಅನಿಮೆದಾಗ ನೆರಳಂದ್ರ ಸಾಮಾನ್ಯವಾಗಿ ಅದ ಬಣ್ಣದ ಒಂದು ಗಾಢ ಛಾಯೆ, ಅಪ್ಪಟ ಕಪ್ಪು ಹಾಕೂದು ಕಡಿಮಿ. ಇಲ್ಲೆ ಹಾಕ್ಯಾರ, ಅದಕ್ಕ ಕೆಲಸ ಮಾಡೇದ.

ಆದ್ರ ಶಿಗಾರಕಿ ಭಾಗದಾಗ ಹಂಗ ಆಗಿಲ್ಲ. ಮಾಂಗಾದಾಗ ಅವನ ಬಾಲ್ಯದ ಪುಟಗಳು ಕೆರೆದು ಕೆರೆದು ತಗದ ಗೆರಿ. ಮಗಾ ಕುತ್ತಿಗಿ ತುರಿಸಿಕೊಳ್ಳೂದು ಅದ ಅಲ್ಲ, ಹಾಳಿನೂ ತುರಿಸಿಧಂಗ ಕಾಣಸ್ತದ. ಎಷ್ಟು ಗೆರಿ ಅಂದ್ರ ಒಂದು ಫ್ರೇಮಿಗೆ ಅಷ್ಟ ಗೆರಿ ಹಾಕಿ ಸೆಕೆಂಡಿಗೆ 8 ಅಥವಾ 12 ಚಿತ್ರ ಬಿಡಸೂದು ವಾರದ ಎಪಿಸೋಡಿನಾಗ ಆಗೂ ಮಾತಲ್ಲ. ಗೆರಿ ಕಡಿಮಿ ಮಾಡಬೇಕು, ಬಣ್ಣ ತುಂಬಬೇಕು. ಮನಿ ಅಂಗಳ, ನಾಯಿ, ಅಕ್ಕನ ಕೈ ಎಲ್ಲಾ ಸ್ವಚ್ಛ ಕಾಣಸ್ತಾವ. ಅಂಜಿಕಿ ಇದ್ದದ್ದು ಆ ಹೊಲಸು ಗೆರಿಯೊಳಗ. 111 ಮತ್ತ 112 ನೋಡಿದವರು 230ರ ಆಸುಪಾಸಿನ ಅಧ್ಯಾಯ ಒಮ್ಮೆ ತಗದು ನೋಡ್ರಿ, ಹೇಳೂದ ಬ್ಯಾಡ.

ಇಪ್ಪತ್ನಾಲ್ಕುಫ್ರೇಮ್

ಶಾಯಿ ಅವರ ಮಾತಿಗೆ ಸೇರಿಸುತ್ತೇನೆ. ಗೆರೆ ಕಡಿಮೆಯಾದದ್ದಕ್ಕೆ ಬದಲಾಗಿ ಚಲನೆ ಸಿಗಬೇಕು, ಆಗ ವ್ಯವಹಾರ ಸರಿಹೋಗುತ್ತದೆ. 23ನೇ ಎಪಿಸೋಡ್, ಮಿದೊರಿಯ ಮತ್ತು ತೊದೊರೊಕಿ ಕಾದಾಟ, ಇದಕ್ಕೆ ಒಳ್ಳೆಯ ಉದಾಹರಣೆ. ಮಾಂಗಾದಲ್ಲಿ 38, 39ನೇ ಅಧ್ಯಾಯ. "ಅದು ನಿನ್ನದೇ ಶಕ್ತಿ ಅಲ್ಲವೇ" ಎಂದು ಮಿದೊರಿಯ ಕೂಗಿದ ಮೇಲೆ ತೊದೊರೊಕಿಯ ಎಡಭಾಗ ಹೊತ್ತಿಕೊಳ್ಳುತ್ತದೆ. ಮಾಂಗಾದಲ್ಲಿ ಬೆಂಕಿಗೆ ಬಣ್ಣವಿಲ್ಲ. ಬಿಳಿಯನ್ನು ಬಿಟ್ಟು ಸುತ್ತ ಶಾಯಿ ಹಾಕಿ ಅದನ್ನು ತೋರಿಸಬೇಕು, ಆ ಪುಟ ನಿಂತ ಚಿತ್ರ. ಅನಿಮೆಯಲ್ಲಿ ಅಲ್ಲಿಯವರೆಗೆ ಪರದೆಯ ತುಂಬ ಮಂಜಿನ ನೀಲಿ ಮತ್ತು ಬೂದು, ಆಮೇಲೆ ಒಮ್ಮೆಲೇ ಕಿತ್ತಳೆ. ಬಣ್ಣವೇ ಅರ್ಥ ಹೇಳುತ್ತದೆ. ಕೊನೆಯ ಡಿಕ್ಕಿಯ ಭಾಗ ನಕಾಮುರಾ ಯುತಾಕಾ ಅವರ ಕೈ. ಒಡೆದ ಕಲ್ಲು ಚೂಪಾದ ಚೌಕಾಕಾರದ ತುಂಡುಗಳಾಗಿ ಹಾರುವುದು ಅವರ ಗುರುತು. ಇದೇ ಕೈ 76ನೇ ಎಪಿಸೋಡಿನಲ್ಲಿ, ಎರಿ ಎಂಬ ಪುಟ್ಟ ಹುಡುಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಿದೊರಿಯ ಪೂರ್ತಿ ಶಕ್ತಿ ಬಿಡುವಲ್ಲಿ ಮತ್ತೆ ಸಿಗುತ್ತದೆ.

ಇದರ ಮೇಲೆ ಹಯಾಶಿ ಯುಕಿ ಅವರ ಸಂಗೀತ. "ಯೂ ಸೇ ರನ್" ಬಂದ ಕಡೆಯೆಲ್ಲ ಮಾಂಗಾಕ್ಕಿಂತ ಅನಿಮೆ ಒಂದು ಕೈ ಮೇಲು ಎನ್ನಲು ನನಗೆ ಯಾವ ಅಳುಕೂ ಇಲ್ಲ.

ನುಡಿಗಂಟು

ಇಲ್ಲಿ ನಾವು ಹೆಚ್ಚಿನವರು ಇಂಗ್ಲಿಷ್ ಸಬ್‌ಟೈಟಲ್ ಅಥವಾ ಇಂಗ್ಲಿಷ್ ಅನುವಾದ ಓದುವವರು. ಖಳರ ಭಾಗದಲ್ಲಿ ಅದರಿಂದ ಜಾರಿಹೋಗುವ ಒಂದು ಪದ ಇದೆ. ಪಾತ್ರಗಳ ವಿಶೇಷ ಶಕ್ತಿಗೆ ಇಂಗ್ಲಿಷಿನಲ್ಲಿ ಹೇಳುವ "ಕ್ವರ್ಕ್" ಎಂಬುದರ ಮೂಲ "ಕೊಸೆಯ್". ಜಪಾನಿಯಲ್ಲಿ ಅದು ದಿನಬಳಕೆಯ ಪದ: ಒಬ್ಬೊಬ್ಬರಿಗೆ ಇರುವ ತನ್ನತನ, ವ್ಯಕ್ತಿವಿಶೇಷ. ಇಂಗ್ಲಿಷಿನ "ಕ್ವರ್ಕ್"ನಲ್ಲಿ ವಿಚಿತ್ರ ಅಭ್ಯಾಸ ಎಂಬ ಛಾಯೆ ಬರುತ್ತದೆ, ತನ್ನತನ ಬರುವುದಿಲ್ಲ.

ಡೆಸ್ಟ್ರೊನ ತಾಯಿ ತನ್ನ ಮಗುವಿನ ಶಕ್ತಿಯನ್ನು ರೋಗ ಎನ್ನಬೇಡಿ, ಅದು ಅವನ "ಕೊಸೆಯ್" ಎಂದು ಜಗತ್ತಿಗೆ ಹೇಳುತ್ತಾಳೆ. ಆ ಪದ ಮುಂದೆ ಎಲ್ಲರ ಬಾಯಿಗೆ ಬಂದು, ಕೊನೆಗೆ ಪರವಾನಗಿ ಇಲ್ಲದೆ ಬಳಸಬಾರದ ಸರಕಾಗುತ್ತದೆ. ಲಿಬರೇಷನ್ ಆರ್ಮಿಯವರ ಸಿಟ್ಟು ಇದೇ: ತನ್ನತನಕ್ಕೆ ಲೈಸೆನ್ಸ್ ಬೇಕೆ? ಅದಕ್ಕೇ ಅವರು ಹಳೆಯ "ಇನೋ" ಎಂಬ ಪದವನ್ನೇ ಹಿಡಿದಿದ್ದಾರೆ. ಇಂಗ್ಲಿಷಿನಲ್ಲಿ ಅದು "ಮೆಟಾ ಎಬಿಲಿಟಿ". ಮಾಂಗಾದಲ್ಲಿ ಹಿಂದಿನ ಪುಟಕ್ಕೆ ಹೋಗಿ ಎರಡು ಪದ ಹೋಲಿಸಬಹುದು. ಪುಟಕ್ಕೆ 19 ಸೆಕೆಂಡಿನ ಎಪಿಸೋಡಿನಲ್ಲಿ ಅಷ್ಟು ಹೊತ್ತು ಎಲ್ಲಿದೆ?

ಮಿದೊರಿಯನ ಅಡ್ಡಹೆಸರು "ದೆಕು" ಕೂಡ ಹೀಗೆಯೇ. ಬಕುಗೊ ಬಾಯಲ್ಲಿ ಅದು "ದೆಕುನೊಬೊ", ಕೆಲಸಕ್ಕೆ ಬಾರದ ಮರದ ಗೊಂಬೆ. ಸಹಪಾಠಿ ಉರಾರಕಾ ಕಿವಿಗೆ ಅದು "ದೆಕಿರು", ಅಂದರೆ ಆಗುತ್ತದೆ, ಮಾಡಬಲ್ಲೆ. ಬೈಗುಳವೊಂದು ಹೀರೋ ಹೆಸರಾದದ್ದು ಈ ಒಂದು ಉಚ್ಚಾರದ ಹತ್ತಿರದಿಂದ. ಇದನ್ನು ಅನಿಮೆ ಚೆನ್ನಾಗಿ ದಾಟಿಸಿದೆ, ಕಿವಿಗೆ ಬೀಳುತ್ತದಲ್ಲ.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಖಳರ ಪಾಳಯದ ಡಾಕ್ಟರ್ ಪಾತ್ರಕ್ಕೆ 2020ರ ಫೆಬ್ರವರಿಯಲ್ಲಿ ಜಂಪ್ ಪತ್ರಿಕೆಯ 259ನೇ ಅಧ್ಯಾಯದಲ್ಲಿ ಬಂದ ಹೆಸರು "ಶಿಗಾ ಮಾರುತಾ". ಮನುಷ್ಯರ ಮೇಲೆ ಪ್ರಯೋಗ ನಡೆಸಿದ ಜಪಾನಿ ಸೇನೆಯ 731ನೇ ಘಟಕ ತನ್ನ ಬಲಿಪಶುಗಳನ್ನು ಕರೆಯುತ್ತಿದ್ದ ಪದ "ಮಾರುತಾ", ಮರದ ದಿಮ್ಮಿ ಎಂದರ್ಥ. ಚೀನಾ, ಕೊರಿಯಾ ಓದುಗರು ನೊಂದು ಪ್ರತಿಭಟಿಸಿದರು, ಲೇಖಕರು ಮತ್ತು ಸಂಪಾದಕರು ಕ್ಷಮೆ ಕೇಳಿ ಹೆಸರು ಬದಲಿಸಿದರು. ಸಂಪುಟದಲ್ಲಿ ಮತ್ತು ಅನಿಮೆಯಲ್ಲಿ ಇರುವುದು "ಗರಾಕಿ ಕ್ಯೂಡಾಯ್". ಬದಲಿಸಿದ್ದು ಸರಿಯಾದ ಕೆಲಸ.

ಹೊಸಸಂಪುಟ

100ನೇ ಎಪಿಸೋಡಿನವರೆಗೆ ನೋಡಿರುವವರು ಇಲ್ಲಿಂದ ಮುಂದೆ ಯಾವ ಸಾಲಿನಲ್ಲಿ ಹೋದರೆ ಒಳ್ಳೆಯದು? ಪೂರ್ತಿ ಮಾಂಗಾ ಓದುವಷ್ಟು ಸಮಯ ಇಲ್ಲದವರಿಗೆ ಯಾರಾದರೂ ಹೇಳಿ ಸರ್.

ಪುಟತಿರುವು

100 ಮುಗಿದಲ್ಲಿ ನಿಲ್ಲಿಸಿ. ಮಾಂಗಾದ 218ರಿಂದ 240ರವರೆಗೆ ಓದಿ. 23 ಅಧ್ಯಾಯ, ಆತುರವಿಲ್ಲದೆ ಓದಿದರೂ ಎರಡು ಸಂಜೆ ಸಾಕು. ಓದಿ ಮುಗಿಸಿದ ಮೇಲೆ 111 ಮತ್ತು 112 ಎಪಿಸೋಡ್ ನೋಡಿ. ಗೆರೆಯ ವಿಷಯದಲ್ಲಿ ಶಾಯಿ ಅವರ ಮಾತು ನಿಜ, ಆದರೂ ಧ್ವನಿ ನಟನೆಗಾಗಿ ಮತ್ತು ಊರು ಪುಡಿಯಾಗುವ ದೃಶ್ಯಕ್ಕಾಗಿ ಅವು ಬೇಕು. ಆಮೇಲೆ ಹಿಂದಕ್ಕೆ ಬಂದು 101, 102, 103, 105, 106, 107. ಅಲ್ಲಿಂದ ನೇರ 113, ನಂತರ 114 ಅಂದರೆ 6ನೇ ಸೀಸನ್. ಈ ಸಾಲಿನಲ್ಲಿ ಹೋದರೆ ಹಾಕ್ಸ್ ಪುಸ್ತಕ ಕೊಡುವ ದೃಶ್ಯ ಇರಬೇಕಾದ ಹಾಗೆ ಕೆಲಸ ಮಾಡುತ್ತದೆ.

107ಕ್ಕೆ ಮುಂಚೆ ಸಮಯವಿದ್ದರೆ ಇದೇ ಜಗತ್ತಿನ ಉಪಕಥೆಯಾದ "ವಿಜಿಲಾಂಟೆಸ್" ಮಾಂಗಾದಲ್ಲಿ ಐಜಾವಾನ ಶಾಲೆಯ ದಿನಗಳ ಭಾಗ ಓದಿ. ಮುಂದೆ ಕುರೊಗಿರಿಯಾಗಿ ಮಾರ್ಪಡುವ ಅವನ ಗೆಳೆಯ ಶಿರಾಕುಮೊ ಮೊದಲು ಕಾಣಿಸಿಕೊಂಡದ್ದು ಅಲ್ಲೇ. ಅದು ಗೊತ್ತಿದ್ದರೆ ಕುರೊಗಿರಿ ಎದುರು ಐಜಾವಾ ಕೂರುವ ದೃಶ್ಯ ಬೇರೆಯೇ ಆಗುತ್ತದೆ.

ಮಾಂಗಾದಲ್ಲಿ ಇಲ್ಲದ, ಬಿಟ್ಟರೂ ಕಥೆ ಕೆಡದ ಎಪಿಸೋಡುಗಳು: 39, 58, 64, 89, 104.

ಇಪ್ಪತ್ನಾಲ್ಕುಫ್ರೇಮ್

ಓದುವ ಬಗ್ಗೆ ಎರಡು ಮಾತು. ಜಂಪ್ ಪ್ರಕಾಶಕರಾದ ಶುಯೇಶಾದ ಆ್ಯಪ್ ಮಾಂಗಾ ಪ್ಲಸ್‌ನಲ್ಲಿ ಮುಗಿದ ಕೃತಿಗಳ ಮೊದಲ ಮೂರು ಮತ್ತು ಕೊನೆಯ ಮೂರು ಅಧ್ಯಾಯ ಉಚಿತವಾಗಿ ಸಿಗುವುದು ರೂಢಿ. ನಡುವಿನದ್ದಕ್ಕೆ ಚಂದಾ ಬೇಕು. ವಿಜ್‌ನ ಶೋನೆನ್ ಜಂಪ್ ಆ್ಯಪ್ ಕೂಡ ಭಾರತದಲ್ಲಿ ಸಿಗುತ್ತದೆ.

ಫೋನಿನಲ್ಲಿ ಮೇಲಿಂದ ಕೆಳಗೆ ಉರುಳಿಸುತ್ತ ಓದಬೇಡಿ. ಎರಡು ಪುಟ ಸೇರಿ ಒಂದು ಚಿತ್ರವಾಗಿರುವಲ್ಲಿ ಅದು ನಡುವೆ ಕತ್ತರಿಸಿ ಮೇಲೆ ಕೆಳಗೆ ಬೀಳುತ್ತದೆ. ಫೋನನ್ನು ಅಡ್ಡ ಹಿಡಿಯಿರಿ, ಎರಡೂ ಪುಟ ಒಟ್ಟಿಗೆ ಬರುತ್ತವೆ. ಬಲದಿಂದ ಎಡಕ್ಕೆ ಓದಬೇಕು. ಎಡಪುಟದ ಕೊನೆಯ ಪ್ಯಾನೆಲ್ ಅನ್ನು ಗಮನಿಸಿ. ಹೊರಿಕೊಶಿ ಪ್ರಶ್ನೆಯನ್ನು ಅಲ್ಲಿ ಇಟ್ಟು ಉತ್ತರವನ್ನು ಪುಟ ತಿರುಗಿಸಿದ ಮೇಲೆ ಕೊಡುತ್ತಾರೆ.

ಕಡಲಮಿಂಚು

ಈ ಪುಟ ತಿರುಗಿಸುವ ಕ್ಷಣವನ್ನು ಅನಿಮೆ ಹೇಗೆ ಭರ್ತಿ ಮಾಡುತ್ತದೆ ಎಂಬುದಕ್ಕೆ 49ನೇ ಎಪಿಸೋಡ್ ನೋಡಿ. ಮಾಂಗಾದ 94, 95ನೇ ಅಧ್ಯಾಯ. ಎಲ್ಲ ಶಕ್ತಿ ಸುಟ್ಟುಹೋದ ಆಲ್ ಮೈಟ್ ಕ್ಯಾಮೆರಾ ಕಡೆ ಬೆರಳು ತೋರಿಸಿ "ಮುಂದೆ ನಿನ್ನ ಸರದಿ" ಎನ್ನುತ್ತಾನೆ. ಜನ ಅದು ಖಳರಿಗೆ ಕೊಟ್ಟ ಎಚ್ಚರಿಕೆ ಎಂದು ಕುಣಿಯುತ್ತಾರೆ. ಗುಂಪಿನ ನಡುವೆ ನಿಂತ, ಅವನ ಶಕ್ತಿಯ ವಾರಸುದಾರ ಮಿದೊರಿಯ ಒಬ್ಬನೇ ಅಳುತ್ತಾನೆ, ಆ ಮಾತು ತನಗೆ ಎಂದು ಅವನಿಗೆ ಮಾತ್ರ ಗೊತ್ತು. ಮಾಂಗಾದಲ್ಲಿ ಬೆರಳು ಒಂದು ಪ್ಯಾನೆಲ್, ಅಳು ಇನ್ನೊಂದು, ನಡುವಿನ ಹೊತ್ತನ್ನು ಓದುಗನೇ ಅಳೆಯಬೇಕು. ಅನಿಮೆಯಲ್ಲಿ ಜನರ ಕೂಗು ಕಿವಿ ತುಂಬುತ್ತಿರುವಾಗಲೇ ಅವನ ಅಳು ಬರುತ್ತದೆ. ಎರಡು ಸದ್ದು ಒಂದರ ಮೇಲೊಂದು. ಕಾಗದದಲ್ಲಿ ಅದು ಸಾಧ್ಯವಿಲ್ಲ. ಹೀಗೆ ಮಾಡಬಲ್ಲವರೇ ಸ್ಪಿನ್ನರ್‌ನ ದನಿ ತೆಗೆದರಲ್ಲ ಎಂಬುದು ನನಗೂ ಬೇಸರ.

ಹೊಸಸಂಪುಟ

ಧನ್ಯವಾದ. 104 ಬಿಟ್ಟರೆ ಮೂರನೇ ಸಿನಿಮಾ ಅರ್ಥವಾಗುತ್ತದೆಯೇ? ಅದನ್ನು ಎಲ್ಲಿ ಸೇರಿಸಬೇಕು?

ಪುಟತಿರುವು

ಅರ್ಥವಾಗುತ್ತದೆ, 104 ಸಿನಿಮಾಕ್ಕೆ ಒಂದು ಸಣ್ಣ ಮುನ್ನುಡಿಯಷ್ಟೇ. ಸಿನಿಮಾವನ್ನು 106 ಆದಮೇಲೆ, 107ಕ್ಕೆ ಮುಂಚೆ ನೋಡಿ. 113ರ ನಂತರಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ಆ ಎಪಿಸೋಡ್ ಮುಗಿಯುವುದೇ ಯುದ್ಧದ ಹೊಸ್ತಿಲಲ್ಲಿ, ಅಲ್ಲಿಂದ ಒಂದೇ ಓಟಕ್ಕೆ 114ಕ್ಕೆ ಹೋಗಬೇಕು.